ಸ್ಮಾರ್ಟ್ ಸ್ಪೀಕರ್ ಸಾಕೇ, ಪರದೆಯೂ ಬೇಕೇ? ಕನ್ನಡದ ಮನೆಗೊಂದು ಲೆಕ್ಕ

"ಅಲೆಕ್ಸಾ ತಗೊಳ್ಳೋದಾ, ಸ್ಮಾರ್ಟ್ ಡಿಸ್‌ಪ್ಲೇ ತಗೊಳ್ಳೋದಾ?" ಎಂದು ಕೇಳುವವರು ಬಹಳ ಮಂದಿ. ಈ ಪ್ರಶ್ನೆಯನ್ನೇ ಮೊದಲು ಬಿಡಿಸಿಕೊಳ್ಳಬೇಕು. ಅಲೆಕ್ಸಾ ಎನ್ನುವುದು ಸಾಧನದ ಹೆಸರಲ್ಲ, ಅಮೆಜಾನ್‌ನ ಸರ್ವರ್‌ಗಳಲ್ಲಿ ಕೆಲಸ ಮಾಡುವ ವಾಯ್ಸ್ ಅಸಿಸ್ಟೆಂಟ್‌ನ ಹೆಸರು. ಎಕೋ ಡಾಟ್, ಎಕೋ ಪಾಪ್‌ನಂಥ ಸ್ಪೀಕರ್‌ಗಳಲ್ಲೂ ಎಕೋ ಶೋ 5, ಎಕೋ ಶೋ 8ರಂಥ ಪರದೆಯ ಸಾಧನಗಳಲ್ಲೂ ಮಾತಾಡುವುದು ಅದೇ ಅಲೆಕ್ಸಾ. ಗೂಗಲ್‌ನದೂ ಹಾಗೆಯೇ. ನೆಸ್ಟ್ ಮಿನಿ ಸ್ಪೀಕರ್ ಇರಲಿ, ನೆಸ್ಟ್ ಹಬ್ ಡಿಸ್‌ಪ್ಲೇ ಇರಲಿ, ಹಿಂದೆ ಇರುವುದು ಒಂದೇ ಅಸಿಸ್ಟೆಂಟ್. ಡಿಸ್‌ಪ್ಲೇ ಕೊಂಡರೆ ಹೆಚ್ಚು ಬುದ್ಧಿಯ ಅಸಿಸ್ಟೆಂಟ್ ಸಿಗುವುದಿಲ್ಲ. ಅದೇ ಅಸಿಸ್ಟೆಂಟ್‌ಗೆ ಒಂದು ಪರದೆ, ಬೆರಳಿನಿಂದ ಮುಟ್ಟುವ ಅವಕಾಶ, ಕೆಲವು ಮಾದರಿಗಳಲ್ಲಿ ಒಂದು ಕ್ಯಾಮೆರಾ ಸೇರಿಕೊಳ್ಳುತ್ತವೆ. ನೀವು ಹೆಚ್ಚು ಹಣ ಕೊಡುವುದು ಇಷ್ಟಕ್ಕೆ. 2019ರಲ್ಲಿ ನೆಸ್ಟ್ ಹಬ್ ಭಾರತಕ್ಕೆ ಬಂದಾಗ ಅದರ ಬೆಲೆ 9,999 ರೂಪಾಯಿ, ಅದೇ ವರ್ಷದ ನೆಸ್ಟ್ ಮಿನಿಯದು 4,499. ಬೆಲೆಗಳು ಏರಿಳಿಯುತ್ತವೆ, ಆದರೆ ಆಗಿನ ಅಂತರ ಸುಮಾರು ಎರಡು ಪಟ್ಟು.

ಆ ಹೆಚ್ಚಿನ ಹಣ ಸಾರ್ಥಕವೇ ಎನ್ನುವುದಕ್ಕೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಿಮಗೆ ಬೇಕಾದ ಉತ್ತರ ಕಿವಿಗೆ ಬಿದ್ದರೆ ಸಾಕೇ, ಕಣ್ಣಿಗೂ ಕಾಣಬೇಕೇ? ಮನೆಯಲ್ಲಿ ಅದರ ಜೊತೆ ಯಾರು, ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಮೊದಲನೆಯದನ್ನು ಎಲ್ಲ ವಿಮರ್ಶೆಗಳೂ ಚರ್ಚಿಸುತ್ತವೆ. ಕನ್ನಡ ಮಾತಾಡುವ ಮನೆಗೆ ಎರಡನೆಯದೇ ದೊಡ್ಡದು.

ಮಾತು ಒಳಗೆ ಹೋಗಿ ಉತ್ತರ ಹೊರಗೆ ಬರುವವರೆಗೆ

ಸಾಧನದೊಳಗೆ ಒಂದಕ್ಕಿಂತ ಹೆಚ್ಚು ಮೈಕ್ ಇರುತ್ತವೆ. ಮೊದಲ ತಲೆಮಾರಿನ ಎಕೋದಲ್ಲಿ ಏಳು ಇದ್ದವು, ನೆಸ್ಟ್ ಮಿನಿಯಲ್ಲಿ ಮೂರಿವೆ. ಒಂದೇ ದನಿ ಬೇರೆ ಬೇರೆ ಮೈಕ್‌ಗೆ ಕ್ಷಣದ ಅತಿ ಸಣ್ಣ ಭಾಗದಷ್ಟು ಹಿಂದೆಮುಂದೆ ತಲುಪುತ್ತದೆ. ಆ ವ್ಯತ್ಯಾಸದಿಂದ ದನಿ ಯಾವ ದಿಕ್ಕಿನದು ಎಂದು ಲೆಕ್ಕ ಹಾಕಿ, ಆ ದಿಕ್ಕಿನದನ್ನು ಎತ್ತಿಕೊಂಡು ಉಳಿದದ್ದನ್ನು ತಗ್ಗಿಸುತ್ತದೆ. ಸಾಧನ ತಾನಾಗಿ ಗುರುತಿಸುವುದು "ಅಲೆಕ್ಸಾ" ಅಥವಾ "ಹೇ ಗೂಗಲ್" ಎಂಬ ಕರೆಪದವನ್ನು ಮಾತ್ರ. ಅದು ಕೇಳಿಸಿದ ಮೇಲಿನ ಮಾತು ಇಂಟರ್‌ನೆಟ್ ಮೂಲಕ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಮಾತು ಅಕ್ಷರವಾಗುತ್ತದೆ, ಅಕ್ಷರದಿಂದ ನಿಮಗೇನು ಬೇಕೆಂಬುದು ಗೊತ್ತಾಗುತ್ತದೆ, ಉತ್ತರ ದನಿಯಾಗಿ ವಾಪಸು ಬರುತ್ತದೆ. ವೈ-ಫೈ ಇಲ್ಲದಾಗ ಇವು ಬಹುಮಟ್ಟಿಗೆ ಸುಮ್ಮನಾಗುವುದು ಇದೇ ಕಾರಣಕ್ಕೆ.

ಸ್ಪೀಕರ್ ಜೋರಾಗಿ ಹಾಡುತ್ತಿದ್ದರೂ ನೀವು ಕರೆದರೆ ಓಗೊಡುತ್ತದೆ, ಆದರೆ ಪಕ್ಕದಲ್ಲಿ ಮಿಕ್ಸಿ ತಿರುಗುತ್ತಿದ್ದರೆ ಎಷ್ಟು ಕೂಗಿದರೂ ಕೇಳಿಸಿಕೊಳ್ಳುವುದಿಲ್ಲ. ಕಾರಣ ಸರಳ. ತಾನು ಯಾವ ಹಾಡು ನುಡಿಸುತ್ತಿದ್ದೇನೆ ಎನ್ನುವುದು ಸಾಧನಕ್ಕೆ ಗೊತ್ತು. ಮೈಕ್‌ಗೆ ಬಿದ್ದ ದನಿಯಿಂದ ಅದನ್ನು ಕಳೆದರೆ ನಿಮ್ಮ ಮಾತು ಉಳಿಯುತ್ತದೆ. ಮಿಕ್ಸಿಯ ಸದ್ದು ಅದರ ಲೆಕ್ಕದಲ್ಲಿಲ್ಲ, ಹಾಗಾಗಿ ಕಳೆಯಲು ಬರುವುದಿಲ್ಲ. ಟಿವಿಯದೂ ಇದೇ ಕತೆ. ಸಾಧನವನ್ನು ಗೋಡೆ ಮತ್ತು ಕಿಟಕಿಯಿಂದ ಕನಿಷ್ಠ 20 ಸೆಂಟಿಮೀಟರ್ ಈಚೆಗೆ ಇಡಿ. ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಪ್ರತಿಧ್ವನಿ ಮೈಕ್‌ಗಳ ಲೆಕ್ಕ ಕೆಡಿಸುತ್ತದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡಲೇಬೇಡಿ.

ಅಡುಗೆಮನೆಗೆ ಪರದೆ ಸಹಾಯಕ್ಕೆ ಬರುವುದೂ ಇಲ್ಲೇ. ಕುಕ್ಕರ್ ಕೂಗುವಾಗ, ಎಕ್ಸಾಸ್ಟ್ ಫ್ಯಾನ್ ಓಡುವಾಗ ಮಾತು ಸೋತರೂ ಬೆರಳು ಕೆಲಸ ಮಾಡುತ್ತದೆ. ಒಂದು ಒಲೆಯಲ್ಲಿ ಅನ್ನ, ಇನ್ನೊಂದರಲ್ಲಿ ಹಾಲು, ಮೂರನೆಯದರಲ್ಲಿ ಪಲ್ಯ ಇದ್ದಾಗ ಮೂರು ಟೈಮರ್‌ಗಳಲ್ಲಿ ಎಷ್ಟೆಷ್ಟು ನಿಮಿಷ ಉಳಿದಿದೆ ಎಂದು ಸ್ಪೀಕರ್ ಅನ್ನು ಕೇಳಿ, ಅದು ಹೇಳಿ ಮುಗಿಸುವವರೆಗೆ ಕಾಯಬೇಕು. ಪರದೆಯಲ್ಲಾದರೆ ಮೂರೂ ಒಟ್ಟಿಗೆ ಕಾಣುತ್ತವೆ. ಟೈಮರ್‌ಗೆ ಹೆಸರು ಕೊಡುವ ಅಭ್ಯಾಸ ಮಾಡಿಕೊಳ್ಳಿ: "ಸೆಟ್ ಎ ರೈಸ್ ಟೈಮರ್ ಫಾರ್ 12 ಮಿನಿಟ್ಸ್" ಎಂದರೆ ಯಾವುದು ಮುಗಿಯಿತು ಎಂಬ ಗೊಂದಲ ಇರುವುದಿಲ್ಲ. ಡಿಸ್‌ಪ್ಲೇಯನ್ನು ಒಲೆಯಿಂದ ಒಂದು ಮೀಟರಿಗಿಂತ ಹತ್ತಿರ ಇಡುವುದು ಸರಿಯಲ್ಲ. ಒಗ್ಗರಣೆಯ ಎಣ್ಣೆಹನಿ ಪರದೆಗೂ ಸ್ಪೀಕರಿನ ಬಟ್ಟೆಗೂ ಅಂಟಿದರೆ ತೆಗೆಯುವುದು ಕಷ್ಟ. ಕುಕ್ಕರಿನ ಹಬೆ ಮೈಕ್‌ನ ಸಣ್ಣ ರಂಧ್ರಗಳೊಳಗೆ ಹೋದರೆ ಕೇಳಿಸಿಕೊಳ್ಳುವ ಶಕ್ತಿ ಕುಗ್ಗಬಹುದು.

ಕನ್ನಡದಲ್ಲಿ ಮಾತಾಡಿದರೆ?

ಅಲೆಕ್ಸಾ ಭಾರತಕ್ಕೆ ಬಂದದ್ದು 2017ರಲ್ಲಿ, ಹಿಂದಿ ಕಲಿತದ್ದು 2019ರಲ್ಲಿ. ಎಕೋ ಸಾಧನದ ಭಾಷಾ ಪಟ್ಟಿಯಲ್ಲಿ ನಮಗೆ ಸಿಗುವುದು ಭಾರತೀಯ ಇಂಗ್ಲಿಷ್, ಹಿಂದಿ, ಇವೆರಡೂ ಕೂಡಿದ ಆಯ್ಕೆ. ಗೂಗಲ್‌ನ ಸ್ಪೀಕರ್ ಮತ್ತು ಡಿಸ್‌ಪ್ಲೇಗಳಲ್ಲೂ ಭಾರತದ ಭಾಷೆಗಳ ಪೈಕಿ ಹಿಂದಿಯಷ್ಟೇ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಅಸಿಸ್ಟೆಂಟ್ ಕನ್ನಡದಲ್ಲಿ ಮಾತಾಡುತ್ತದೆ. ಗೂಗಲ್‌ನ ಎಐ ಜೊತೆ ಮಾತಾಡುವ ಸೌಲಭ್ಯವಾದ ಜೆಮಿನಿ ಲೈವ್ ಕೂಡ 2024ರ ಅಕ್ಟೋಬರ್‌ನಿಂದ ಕನ್ನಡದಲ್ಲಿದೆ. ಅಂದರೆ ಅದೇ ಕಂಪನಿಯ ಫೋನ್ ಆ್ಯಪ್‌ಗೆ ಬರುವ ಕನ್ನಡ, ಮೇಜಿನ ಮೇಲಿನ ಸ್ಪೀಕರಿಗೆ ಬರುವುದಿಲ್ಲ. ಬಹಳ ಮಂದಿ ಫೋನಿನಲ್ಲಿ ಕನ್ನಡ ಕೇಳಿ, ಸ್ಪೀಕರಿನಲ್ಲೂ ಇರುತ್ತದೆಂದು ನಂಬಿ ಕೊಂಡುಕೊಳ್ಳುತ್ತಾರೆ. ಕೊಳ್ಳುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿ ಇದು.

ಇದರ ಪರಿಣಾಮ ಮನೆಯಲ್ಲಿ ನೇರವಾಗಿ ಕಾಣುತ್ತದೆ. ಶಾಲೆಗೆ ಹೋಗುವ ಮಕ್ಕಳು ಸ್ಪೀಕರನ್ನು ಲೀಲಾಜಾಲವಾಗಿ ಬಳಸುತ್ತಾರೆ, ಇಂಗ್ಲಿಷ್ ಹಿಂದಿ ಎರಡೂ ಒಲಿಯದ ಅಜ್ಜ ಅಜ್ಜಿ ಅದನ್ನು ಮುಟ್ಟುವುದೇ ಇಲ್ಲ. ಅಂಥ ಮನೆಗೆ ನಾವು ಡಿಸ್‌ಪ್ಲೇಯನ್ನೇ ಹೇಳುತ್ತೇವೆ. ಪರದೆಯ ಮೇಲಿನ ಅಕ್ಷರಗಳೂ ಇಂಗ್ಲಿಷೇ, ನಿಜ. ಆದರೆ ಜೋಡಿಸಿಟ್ಟ ಸ್ಮಾರ್ಟ್ ಬಲ್ಬಿನ (ವೈ-ಫೈ ಮೂಲಕ ನಿಯಂತ್ರಿಸುವ ಬಲ್ಬು) ಚಿತ್ರ ಮುಟ್ಟಿದರೆ ಲೈಟ್ ಆರುತ್ತದೆ, ಹಾಡಿನ ಆಲ್ಬಮ್‌ನ ಚಿತ್ರ ಮುಟ್ಟಿದರೆ ಹಾಡು ಶುರುವಾಗುತ್ತದೆ, ಮಗಳ ಫೋಟೋ ಮುಟ್ಟಿದರೆ ಕರೆ ಹೋಗುತ್ತದೆ. ಇಂಗ್ಲಿಷ್ ಬಲ್ಲವರಿಗೆ ಪರದೆ ಒಂದು ಅನುಕೂಲ ಅಷ್ಟೇ, ಬಾರದವರಿಗೆ ಅದನ್ನು ಬಳಸಲು ಇರುವ ಮುಖ್ಯ ದಾರಿ.

ಸ್ಪೀಕರನ್ನೇ ಕೊಂಡವರು ಕನ್ನಡದ ಹೆಸರುಗಳನ್ನು ಅದಕ್ಕೆ ಅರ್ಥಮಾಡಿಸುವ ದಾರಿಗಳಿವೆ. ಮೊದಲನೆಯದು ಲೈಟು, ಫ್ಯಾನುಗಳಿಗೆ ಇಡುವ ಹೆಸರು. "ದೇವರ ಮನೆ ಲೈಟ್" ಎಂದು ಹೆಸರಿಟ್ಟರೆ ಇಂಗ್ಲಿಷ್‌ಗೆ ಹೊಂದಿಸಿದ ಅಸಿಸ್ಟೆಂಟ್ ಅದನ್ನು ತನಗೆ ಗೊತ್ತಿರುವ ಹತ್ತಿರದ ಇಂಗ್ಲಿಷ್ ಪದಗಳಾಗಿ ಒಡೆಯುತ್ತದೆ, ಪ್ರತಿ ಸಲ ಬೇರೆ ಬೇರೆ ರೀತಿ. "ಪೂಜಾ ಲೈಟ್" ಎಂದರೆ ತಪ್ಪುವುದಿಲ್ಲ, ಏಕೆಂದರೆ ಪೂಜಾ ಭಾರತೀಯ ಇಂಗ್ಲಿಷ್ ಪದಕೋಶದಲ್ಲಿ ಇದೆ. "ಹಾಲ್", "ಕಿಚನ್", "ಸಿಟೌಟ್", "ಗೇಟ್" ಚೆನ್ನಾಗಿ ನಡೆಯುತ್ತವೆ. ಒಂದೇ ಬಗೆಯ ದನಿಯ ಎರಡು ಹೆಸರು ಬೇಡ. "ಹಾಲ್ ಲೈಟ್" ಮತ್ತು "ವಾಲ್ ಲೈಟ್" ಎರಡೂ ಇದ್ದರೆ ತಪ್ಪು ಲೈಟ್ ಹತ್ತುತ್ತಲೇ ಇರುತ್ತದೆ.

ಎರಡನೆಯದು ರುಟೀನ್. ಅಲೆಕ್ಸಾ ಆ್ಯಪ್‌ನಲ್ಲಿ ನೀವೇ ಒಂದು ವಾಕ್ಯ ಬರೆದು, ಆ ವಾಕ್ಯ ಹೇಳಿದಾಗ ಏನಾಗಬೇಕೆಂದು ನಿಗದಿ ಮಾಡಬಹುದು. ಕನ್ನಡದ ವಾಕ್ಯವನ್ನೇ ಬಳಸಬೇಕೆಂದಿದ್ದರೆ ಹೀಗೆ ಮಾಡಿ. ಮೊದಲು ಕರೆಪದ ಹೇಳಿ ನಿಮ್ಮ ಕನ್ನಡದ ವಾಕ್ಯವನ್ನು ನಾಲ್ಕೈದು ಸಲ ಹೇಳಿ, ಮನೆಯ ಇನ್ನೊಬ್ಬರಿಂದಲೂ ಹೇಳಿಸಿ. ಆಮೇಲೆ ಆ್ಯಪ್‌ನ ಪ್ರೈವೆಸಿ ವಿಭಾಗದಲ್ಲಿರುವ ವಾಯ್ಸ್ ಹಿಸ್ಟರಿ ತೆರೆದರೆ ಅದಕ್ಕೆ ಏನೆಂದು ಕೇಳಿಸಿತು ಎನ್ನುವುದು ಅಕ್ಷರದಲ್ಲಿ ಇರುತ್ತದೆ. ಹೆಚ್ಚು ಸಲ ಬಂದ ರೂಪಗಳನ್ನು ಇದ್ದಂತೆಯೇ, ತಪ್ಪು ಕಾಗುಣಿತದ ಸಮೇತ, ರುಟೀನಿನ ವಾಕ್ಯವಾಗಿ ಬರೆಯಿರಿ. ಒಂದೇ ರುಟೀನಿಗೆ ಹಲವು ವಾಕ್ಯ ಸೇರಿಸಬಹುದು. ಇದು ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ. ಎರಡು ಮೂರು ಪದದ ಚಿಕ್ಕ ವಾಕ್ಯಗಳಿಗೆ ಚೆನ್ನಾಗಿ ನಡೆಯುತ್ತದೆ, ಉದ್ದವಾದಷ್ಟೂ ಕೈಕೊಡುತ್ತದೆ.

ಹಾಡುಗಳದ್ದು ಬೇರೆಯೇ ತೊಂದರೆ. ವಚನ, ದಾಸರ ಪದ, ಭಾವಗೀತೆಯ ಮೊದಲ ಸಾಲನ್ನು ಕನ್ನಡದಲ್ಲಿ ಹೇಳಿದರೆ ಹಿಂದಿಯ ಯಾವುದೋ ಹಾಡು ಬರುವುದು ಸಾಮಾನ್ಯ. ನಿಮ್ಮ ಮ್ಯೂಸಿಕ್ ಆ್ಯಪ್‌ನಲ್ಲಿ ಫೋನಿನ ಮೂಲಕ ಪ್ಲೇಲಿಸ್ಟ್ ಮಾಡಿ, ಅದಕ್ಕೆ "ಮಾರ್ನಿಂಗ್ ಒನ್", "ಈವ್ನಿಂಗ್ ಟೂ" ಎಂಬಂಥ ಸರಳ ಇಂಗ್ಲಿಷ್ ಹೆಸರಿಡಿ. ಆ ಹೆಸರು ಹೇಳಿ ಪ್ಲೇಲಿಸ್ಟ್ ಕರೆದರೆ ಒಳಗಿರುವ ಕನ್ನಡದ ಹಾಡುಗಳೆಲ್ಲ ಸಾಲಾಗಿ ಬರುತ್ತವೆ. ಮ್ಯೂಸಿಕ್ ಆ್ಯಪ್‌ನ ಉಚಿತ ಯೋಜನೆಗಳಲ್ಲಿ ಕೇಳಿದ ಹಾಡೇ ಬರುತ್ತದೆಂಬ ಖಾತ್ರಿ ಇಲ್ಲ, ಅದೇ ಬಗೆಯ ಇನ್ನಾವುದೋ ಬರಬಹುದು. ಇದಕ್ಕೆ ಸಾಧನವನ್ನು ದೂರಿ ಪ್ರಯೋಜನವಿಲ್ಲ.

ಪರದೆ ನಿಜಕ್ಕೂ ಏನು ತೋರಿಸುತ್ತದೆ

ನೆಸ್ಟ್ ಹಬ್‌ನ ಪರದೆ 7 ಇಂಚು, ಎಕೋ ಶೋ 5ರದು 5.5 ಇಂಚು, ಎಕೋ ಶೋ 8ರದು ಸುಮಾರು 8 ಇಂಚು. ಗೋಡೆಗೆ ಹಾಕುವ ಎಕೋ ಶೋ 15ರದು 15.6 ಇಂಚು. ಅಕ್ಷರ ಸಲೀಸಾಗಿ ಓದಲು ಅದರ ಎತ್ತರ ನಿಮಗೂ ಪರದೆಗೂ ಇರುವ ದೂರದ ಇನ್ನೂರರಲ್ಲಿ ಒಂದು ಪಾಲಾದರೂ ಇರಬೇಕು. ಒಂದು ಮೀಟರಿಗೆ 5 ಮಿಲಿಮೀಟರ್, ಎರಡು ಮೀಟರಿಗೆ 10 ಮಿಲಿಮೀಟರ್. 5.5 ಇಂಚಿನ ಪರದೆಯಲ್ಲಿ ಗಡಿಯಾರದ ಅಂಕಿ ಬಿಟ್ಟರೆ ಉಳಿದ ಬರಹ ಎರಡು ಮೀಟರಿನಿಂದ ಕಾಣುವುದು ಕಷ್ಟ. ಹಾಸಿಗೆಯ ಪಕ್ಕಕ್ಕೆ, ಓದುವ ಮೇಜಿಗೆ ಅದು ಸಾಕು. ಅಡುಗೆಮನೆಯ ಕಟ್ಟೆಗೆ 7–8 ಇಂಚು ಬೇಕು. ಹಾಲ್‌ನ ಸೋಫಾದಿಂದ ನೋಡಲು ಇವು ಯಾವುವೂ ಆಗುವುದಿಲ್ಲ, ಅಲ್ಲಿ ಟಿವಿಯೇ ಇರುತ್ತದೆ.

ದನಿಯ ಗುಣದಲ್ಲಿ ಡಿಸ್‌ಪ್ಲೇ ತನ್ನ ಬೆಲೆಯ ಸ್ಪೀಕರಿಗಿಂತ ಹಿಂದೆ. ಕೊಟ್ಟ ದುಡ್ಡಿನ ದೊಡ್ಡ ಪಾಲು ಪರದೆಗೆ ಹೋಗುತ್ತದೆ, ತೆಳು ಮೈಯಲ್ಲಿ ದೊಡ್ಡ ಸ್ಪೀಕರಿಗೆ ಜಾಗವೂ ಇರುವುದಿಲ್ಲ. ಸಂಗೀತವೇ ಮುಖ್ಯವಾದವರು ಆ ದುಡ್ಡಿಗೆ ದೊಡ್ಡ ಸ್ಪೀಕರ್ ಅಥವಾ ಎರಡು ಸಣ್ಣವನ್ನು ಸ್ಟೀರಿಯೋ ಜೋಡಿಯಾಗಿ ಕೊಳ್ಳಲಿ.

ವಿಡಿಯೋ ಕರೆಗೆಂದೇ ಡಿಸ್‌ಪ್ಲೇ ಕೊಳ್ಳುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ಮನೆಗಳ ವಿಡಿಯೋ ಕರೆ ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಎಕೋ ಶೋ, ನೆಸ್ಟ್ ಹಬ್ ಎರಡರಲ್ಲೂ ವಾಟ್ಸ್‌ಆ್ಯಪ್ ವಿಡಿಯೋ ಕರೆ ಇಲ್ಲ. ನೆಸ್ಟ್ ಹಬ್‌ಗೆ ಕ್ಯಾಮೆರಾವೇ ಇಲ್ಲದ್ದರಿಂದ ನಿಮ್ಮ ಮುಖ ಆಚೆಯವರಿಗೆ ಕಾಣುವುದಿಲ್ಲ. ಎಕೋ ಶೋದಲ್ಲಿ ಅಲೆಕ್ಸಾದಿಂದ ಅಲೆಕ್ಸಾಗೆ ಕರೆ ಮಾಡಬಹುದು: ಊರಲ್ಲಿ ಅಪ್ಪ ಅಮ್ಮನ ಹತ್ತಿರ ಎಕೋ ಶೋ, ನಿಮ್ಮ ಫೋನಿನಲ್ಲಿ ಅಲೆಕ್ಸಾ ಆ್ಯಪ್. ಇದರಲ್ಲಿ ಡ್ರಾಪ್ ಇನ್ ಎಂಬ ಸೌಲಭ್ಯವಿದೆ. ಆಚೆಯವರು ಅನುಮತಿ ಕೊಟ್ಟಿದ್ದರೆ ಅವರು ಏನೂ ಒತ್ತದೆಯೇ ಕರೆ ತಾನಾಗಿ ತೆರೆದುಕೊಳ್ಳುತ್ತದೆ. ಕೈ ನಡುಗುವ, ಫೋನ್ ಎತ್ತಲಾಗದ ಹಿರಿಯರಿಗೆ ಇದು ಬಹಳ ಉಪಯೋಗಿ. ಅದೇ ಕಾರಣಕ್ಕೆ ಈ ಅನುಮತಿಯನ್ನು ಒಬ್ಬಿಬ್ಬರಿಗಿಂತ ಹೆಚ್ಚು ಜನರಿಗೆ ಕೊಡಬಾರದು, ಕೊಡುವ ಮೊದಲು ಹಿರಿಯರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಮಕ್ಕಳು ವಿದೇಶದಲ್ಲಿದ್ದರೆ ಸಾಧನ ಕೊಳ್ಳುವ ಮೊದಲೇ ಎರಡೂ ಕಡೆಯ ಫೋನಿನಲ್ಲಿ ಅಲೆಕ್ಸಾ ಆ್ಯಪ್ ಹಾಕಿ ಕರೆ ಸೇರುತ್ತದೆಯೇ ಎಂದು ನೋಡಿಕೊಳ್ಳಿ. ತುರ್ತು ಸಂದರ್ಭದಲ್ಲಂತೂ ಇದನ್ನು ನೆಚ್ಚಬೇಡಿ. ಎಕೋದಿಂದ 112ಕ್ಕೆ ಕರೆ ಹೋಗುವುದಿಲ್ಲ. ಫೋನ್ ಹಿರಿಯರ ಕೈಗೆ ಎಟುಕುವಲ್ಲೇ ಇರಲಿ.

ಬಾಗಿಲ ಕ್ಯಾಮೆರಾ ತೋರಿಸುವುದು ಪರದೆಯ ಇನ್ನೊಂದು ಒಳ್ಳೆಯ ಬಳಕೆ. ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ (ಚಿತ್ರ ದಾಖಲಿಸುವ ಪೆಟ್ಟಿಗೆ) ಇರುವ ಮಾಮೂಲಿ ಸಿಸಿಟಿವಿ ವ್ಯವಸ್ಥೆ ಇದಕ್ಕೆ ಸುಲಭವಾಗಿ ಜೋಡಣೆಯಾಗುವುದಿಲ್ಲ. ಕ್ಯಾಮೆರಾ ಪೆಟ್ಟಿಗೆಯ ಮೇಲೆ ಅಲೆಕ್ಸಾ ಅಥವಾ ಗೂಗಲ್ ಹೋಮ್‌ಗೆ ಹೊಂದುತ್ತದೆ ಎಂದು ಆ ಮಾದರಿಯ ಹೆಸರಿನಲ್ಲೇ ಬರೆದಿರಬೇಕು. ಹೊಂದಿದರೂ ಚಿತ್ರ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ, ಏಕೆಂದರೆ ಅದು ಬಾಗಿಲಿನಿಂದ ಸರ್ವರ್‌ಗೆ ಹೋಗಿ ಅಲ್ಲಿಂದ ಅಡುಗೆಮನೆಗೆ ಬರುತ್ತದೆ.

ಕರೆಂಟು ಹೋದಾಗ, ವೈ-ಫೈ ಕೆಟ್ಟಾಗ

ಎಕೋ ಡಾಟ್, ಎಕೋ ಶೋ, ನೆಸ್ಟ್ ಹಬ್ ಯಾವುದರಲ್ಲೂ ಬ್ಯಾಟರಿ ಇಲ್ಲ. ಇನ್ವರ್ಟರ್ ಇದ್ದರೂ ಅನೇಕ ಮನೆಗಳಲ್ಲಿ ಅದರ ಲೈನ್ ಲೈಟು, ಫ್ಯಾನುಗಳಿಗಷ್ಟೇ ಹೋಗಿರುತ್ತದೆ, ಪ್ಲಗ್ ಪಾಯಿಂಟ್‌ಗಳಿಗೆ ಇರುವುದಿಲ್ಲ. ಸಾಧನ ಇಡುವ ಜಾಗದ ಪಾಯಿಂಟ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಮೇನ್ ಆಫ್ ಮಾಡಿ ಪರೀಕ್ಷಿಸಿ. ಸ್ಪೀಕರ್ ಮಾತ್ರ ಉಳಿದರೆ ಸಾಲದು, ರೂಟರೂ ಫೈಬರಿನ ಪೆಟ್ಟಿಗೆಯೂ ಉಳಿಯಬೇಕು. ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಇದಕ್ಕೆ ಸಾಕು. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಥವಾ 2 ಆಂಪಿಯರ್ ಎಂದು ಬರೆದಿರುತ್ತದೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಬಿಲ್ಲಿನ ಹೆದರಿಕೆ ಬೇಡ. ಸುಮ್ಮನಿರುವಾಗ ಸಣ್ಣ ಸ್ಪೀಕರ್ ಸುಮಾರು 2 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ ದಿನದ 24 ಗಂಟೆ, ತಿಂಗಳ 30 ದಿನಕ್ಕೆ 1.44 ಯೂನಿಟ್. ಪರದೆ ಸದಾ ಉರಿಯುವ ಡಿಸ್‌ಪ್ಲೇ 4 ವ್ಯಾಟ್ ಎಳೆದರೆ 2.88 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಕ್ರಮವಾಗಿ 9 ಮತ್ತು 17 ರೂಪಾಯಿ ಆಗುತ್ತದೆ. ಡೇಟಾ ಲೆಕ್ಕ ನೋಡಿಕೊಳ್ಳಬೇಕಾದವರು ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡಿರುವವರು. 128 ಕೆಬಿಪಿಎಸ್ ಗುಣಮಟ್ಟದ ಹಾಡು ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. ಡಿಸ್‌ಪ್ಲೇಯಲ್ಲಿ ವಿಡಿಯೋ ನೋಡಿದರೆ ಗಂಟೆಗೆ ಅರ್ಧ ಜಿಬಿಗೂ ಹೆಚ್ಚು. ಹಾಟ್‌ಸ್ಪಾಟ್ ಫೋನ್ ಹೊತ್ತವರು ಮನೆಯಿಂದ ಹೊರಟರೆ ಸಾಧನವೂ ಮೌನವಾಗುತ್ತದೆ ಎಂಬುದನ್ನು ಮರೆಯಬಾರದು.

ಹೊಸದಾಗಿ ಜೋಡಿಸುವಾಗ ಹೆಚ್ಚು ಕಾಡುವುದು ವೈ-ಫೈನ ಎರಡು ಬ್ಯಾಂಡ್. ಸ್ಪೀಕರ್, ಡಿಸ್‌ಪ್ಲೇಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಹೊಂದುತ್ತವೆ. ಸ್ಮಾರ್ಟ್ ಬಲ್ಬು, ಪ್ಲಗ್‌ಗಳಲ್ಲಿ ಹೆಚ್ಚಿನವು 2.4ಕ್ಕೆ ಮಾತ್ರ. ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಬಲ್ಬು ಸಿಗುವುದೇ ಇಲ್ಲ ಎಂದು ಆ್ಯಪ್ ಹೇಳುತ್ತದೆ. ರೂಟರಿನ ಸೆಟ್ಟಿಂಗ್‌ನಲ್ಲಿ ಎರಡು ಬ್ಯಾಂಡ್‌ಗೆ ಬೇರೆ ಬೇರೆ ಹೆಸರಿಟ್ಟು, ಫೋನನ್ನು 2.4ಕ್ಕೆ ಸೇರಿಸಿ ಬಲ್ಬು ಜೋಡಿಸಿದರೆ ತೊಂದರೆ ಇರುವುದಿಲ್ಲ. ಪಿಜಿ, ಹಾಸ್ಟೆಲ್‌ಗಳಲ್ಲಿ ವೈ-ಫೈ ಸೇರಿದ ಮೇಲೆ ಬ್ರೌಸರಿನಲ್ಲಿ ಇನ್ನೊಂದು ಲಾಗಿನ್ ಪುಟ ತೆರೆದುಕೊಳ್ಳುತ್ತದಲ್ಲ, ಅಂಥಲ್ಲಿ ಸ್ಪೀಕರ್ ಸೇರಿಸುವುದು ಬಹುತೇಕ ಆಗುವುದಿಲ್ಲ.

ರೂಟರ್ ಬದಲಿಸುವವರಿಗೆ ಒಂದು ಮಾತು. ಹೊಸ ರೂಟರಿಗೆ ಹಳೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನು ಅಕ್ಷರ ತಪ್ಪದಂತೆ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ, ಹಾಗೇ ಇಡಿ. ಎಲ್ಲ ಸಾಧನಗಳೂ ತಾವಾಗಿ ಸೇರಿಕೊಳ್ಳುತ್ತವೆ. ಇಲ್ಲದಿದ್ದರೆ ಒಂದೊಂದೇ ಬಲ್ಬನ್ನು ಮತ್ತೆ ಜೋಡಿಸುತ್ತಾ ಒಂದು ಭಾನುವಾರ ಪೂರ್ತಿ ಕಳೆಯಬೇಕಾಗುತ್ತದೆ.

ಲೈಟು, ಗೀಸರ್, ಮೋಟರು

ಮನೆಯ ವಿದ್ಯುತ್ ಉಪಕರಣ ನಿಯಂತ್ರಿಸುವ ಕೆಲಸದಲ್ಲಿ ಸ್ಪೀಕರಿಗೂ ಡಿಸ್‌ಪ್ಲೇಗೂ ಇರುವ ವ್ಯತ್ಯಾಸ ಅಲ್ಪ. ಬಾಯಲ್ಲಿ ಹೇಳುವುದು ಎರಡರಲ್ಲೂ ಒಂದೇ, ಡಿಸ್‌ಪ್ಲೇಯಲ್ಲಿ ಯಾವುದು ಆನ್, ಯಾವುದು ಆಫ್ ಎಂದು ಕಾಣುತ್ತದೆ. ಆದರೆ ತಪ್ಪು ನಡೆದರೆ ಅಪಾಯ ಆಗುವುದು ಈ ಭಾಗದಲ್ಲೇ.

ಸ್ಮಾರ್ಟ್ ಬಲ್ಬು ಹಾಕಿದ ಮನೆಗಳಲ್ಲಿ ಎರಡು ದೂರು ಬರುತ್ತವೆ. ಒಂದು, ಯಾರೋ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಲ್ಬಿಗೆ ಕರೆಂಟೇ ಇಲ್ಲದೆ ಅಸಿಸ್ಟೆಂಟ್‌ಗೆ ಅದು ಸಿಗುವುದಿಲ್ಲ. ಇನ್ನೊಂದು, ಕರೆಂಟು ಹೋಗಿ ನಡುರಾತ್ರಿ ಬಂದಾಗ ಬಲ್ಬು ಪೂರ್ಣ ಬೆಳಕಿನಲ್ಲಿ ತಾನೇ ಹತ್ತುತ್ತದೆ. ಎರಡನೆಯದಕ್ಕೆ ಬಲ್ಬಿನ ಆ್ಯಪ್‌ನಲ್ಲಿ ಮದ್ದಿದೆ: ಕರೆಂಟ್ ಮರಳಿದಾಗ ಹೇಗಿರಬೇಕು ಎಂಬ ಸೆಟ್ಟಿಂಗ್ ಹುಡುಕಿ "ಮೊದಲಿದ್ದ ಸ್ಥಿತಿ" ಎಂದು ಇಡಿ. ಮೊದಲನೆಯದಕ್ಕೆ ಬಲ್ಬು ಬಿಟ್ಟು, ಸ್ವಿಚ್‌ಬೋರ್ಡಿನ ಹಿಂದೆ ಕೂರಿಸುವ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ಒಳ್ಳೆಯದು. ಗೋಡೆಯ ಸ್ವಿಚ್ಚೂ ನಡೆಯುತ್ತದೆ, ಮಾತೂ ನಡೆಯುತ್ತದೆ. ಹೆಚ್ಚಿನ ಮಾಡ್ಯೂಲ್‌ಗಳಿಗೆ ಬೋರ್ಡಿನೊಳಗೆ ನ್ಯೂಟ್ರಲ್ ತಂತಿ ಬೇಕು. ಆ ಬೋರ್ಡಿನಲ್ಲೇ ಪ್ಲಗ್ ಸಾಕೆಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ. ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಇದನ್ನು ಮಾಡಿಸಿ.

ಗೀಸರಿನ ಲೆಕ್ಕ ಹೀಗಿದೆ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ, 3000 ವ್ಯಾಟ್‌ನದು 13 ಆಂಪಿಯರ್. 10 ಆಂಪಿಯರ್ ಸ್ಮಾರ್ಟ್ ಪ್ಲಗ್‌ಗೆ 2000 ವ್ಯಾಟ್ ಗೀಸರ್ ಹಾಕಿದರೆ ಕಾಗದದ ಮೇಲೆ ಹೊಂದುತ್ತದೆ, ಆದರೆ ದಿನವೂ ಇಪ್ಪತ್ತು ನಿಮಿಷ ಮಿತಿಯ ಹತ್ತಿರ ಓಡಿ, ಸಾಕೆಟ್ ಸ್ವಲ್ಪ ಸಡಿಲವಿದ್ದರೂ ಬಿಸಿಯೇರಿ ಪ್ಲಾಸ್ಟಿಕ್ ಕರಗಬಹುದು. ಗೀಸರಿಗೆ 16 ಆಂಪಿಯರ್ ಪ್ಲಗ್ಗೇ ಬೇಕು. ಮೊದಲ ವಾರ ಬಳಸಿದ ಕೂಡಲೇ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ ಬದಲಿಸಬೇಕು. ಆನ್ ಮಾಡುವ ರುಟೀನಿನ ಜೊತೆಗೇ 20 ನಿಮಿಷದ ನಂತರ ಆಫ್ ಆಗುವಂತೆ ಇಟ್ಟುಬಿಡಿ.

ಸಂಪ್ ಅಥವಾ ಬೋರ್‌ವೆಲ್ ಮೋಟರನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಲೇಬಾರದು. ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಹೊಡೆತಕ್ಕೆ ಪ್ಲಗ್ಗಿನೊಳಗಿನ ರಿಲೇಯ (ಆನ್ ಆಫ್ ಮಾಡುವ ಸಣ್ಣ ಸ್ವಿಚ್) ಸಂಪರ್ಕಗಳು ಬೆಸೆದುಕೊಂಡರೆ, ಆಫ್ ಎಂದು ಹೇಳಿದರೂ, ಪರದೆಯಲ್ಲಿ ಆಫ್ ಎಂದು ಕಂಡರೂ ಮೋಟರ್ ಓಡುತ್ತಲೇ ಇರುತ್ತದೆ. ನೀರಿಲ್ಲದೆ ಓಡಿದ ಮೋಟರ್ ಸುಟ್ಟುಹೋಗುತ್ತದೆ. ಸ್ಮಾರ್ಟ್ ಸ್ವಿಚ್ಚಿನಿಂದ ಕಾಂಟ್ಯಾಕ್ಟರ್ (ಭಾರೀ ಕರೆಂಟ್ ತಾಳುವ ದೊಡ್ಡ ವಿದ್ಯುತ್ ಸ್ವಿಚ್) ನಡೆಸಿ, ಕಾಂಟ್ಯಾಕ್ಟರ್‌ನಿಂದ ಮೋಟರ್ ನಡೆಸುವುದು ಸರಿಯಾದ ಕ್ರಮ, ಜೊತೆಗೆ ನೀರಿಲ್ಲದಾಗ ಮೋಟರ್ ನಿಲ್ಲಿಸುವ ಡ್ರೈ ರನ್ ರಕ್ಷಣೆ ಇರಲೇಬೇಕು.

ಮೈಕ್ ಮತ್ತು ಕ್ಯಾಮೆರಾ

ಹಾಲ್‌ಗೆ ಕ್ಯಾಮೆರಾ ಇರುವ ಡಿಸ್‌ಪ್ಲೇ ಒಪ್ಪಬಹುದು. ಮಲಗುವ ಕೋಣೆಗೆ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿಗೆ ಸ್ಪೀಕರ್ ಅಥವಾ ಕ್ಯಾಮೆರಾ ಇಲ್ಲದ ನೆಸ್ಟ್ ಹಬ್ ಇಡಿ. ಎಕೋ ಶೋದ ಅನೇಕ ಮಾದರಿಗಳಲ್ಲಿ ಕ್ಯಾಮೆರಾ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳವಿದೆ, ಕರೆ ಮಾಡುವಾಗ ಮಾತ್ರ ತೆರೆಯುವ ಅಭ್ಯಾಸ ಒಳ್ಳೆಯದು. ಮುಚ್ಚಳ ಮುಚ್ಚಿದರೆ ಮೈಕ್ ನಿಲ್ಲುವುದಿಲ್ಲ ಎನ್ನುವುದು ಗೊತ್ತಿರಲಿ. ಮೈಕ್ ನಿಲ್ಲಿಸಲು ಬೇರೆ ಬಟನ್ ಇದೆ, ಒತ್ತಿದರೆ ಕೆಂಪು ಗುರುತು ಕಾಣುತ್ತದೆ.

ಅಮೆಜಾನ್ ಮತ್ತು ಗೂಗಲ್ ಎರಡೂ ನಿಮ್ಮ ದನಿಯ ದಾಖಲೆಯನ್ನು ಅಳಿಸಲು ಅವಕಾಶ ಕೊಡುತ್ತವೆ, ಆದರೆ ಅದನ್ನು ನೀವೇ ಹುಡುಕಿ ಇಡಬೇಕು. ಅಲೆಕ್ಸಾ ಆ್ಯಪ್‌ನ ಪ್ರೈವೆಸಿಯಲ್ಲಿ 3 ತಿಂಗಳಿಗೆ ಅಥವಾ 18 ತಿಂಗಳಿಗೆ ತಾನಾಗಿ ಅಳಿಯುವಂತೆ ಮಾಡಬಹುದು. ದಾಖಲೆ ಉಳಿಸಲೇಬೇಡ ಎನ್ನುವ ಆಯ್ಕೆಯೂ ಇದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲ ದಿನವೇ ಮಾಡಿ. ಮಕ್ಕಳ ದನಿಯ ದಾಖಲೆಗಳನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಆರೋಪದ ಪ್ರಕರಣದಲ್ಲಿ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತ್ತು. ಮಾತಿನಲ್ಲೇ ಖರೀದಿ ಮಾಡುವ ಸೌಲಭ್ಯವನ್ನೂ ಆಫ್ ಮಾಡಿ, ಇಲ್ಲವೇ ನಾಲ್ಕಂಕಿಯ ಪಿನ್ ಹಾಕಿ.

ಎಷ್ಟು ವರ್ಷ ಬಾಳುತ್ತವೆ

ಸ್ಪೀಕರಿನ ಭಾರದ ಕೆಲಸವೆಲ್ಲ ಸರ್ವರ್‌ನಲ್ಲಿ ನಡೆಯುವುದರಿಂದ ಅದು ನಿಧಾನಕ್ಕೆ ಹಳತಾಗುತ್ತದೆ. ಡಿಸ್‌ಪ್ಲೇ ತನ್ನ ಪ್ರೊಸೆಸರ್‌ನಿಂದಲೇ ಪರದೆ ಬಿಡಿಸಬೇಕು, ಪ್ರತಿ ಅಪ್‌ಡೇಟ್ ಬಂದಂತೆ ಅದರ ಕೆಲಸ ಹೆಚ್ಚುತ್ತದೆ, ಮೂರು ನಾಲ್ಕು ವರ್ಷದಲ್ಲಿ ಮುಟ್ಟಿದ್ದಕ್ಕೆ ತಡವಾಗಿ ಸ್ಪಂದಿಸತೊಡಗುತ್ತದೆ. ಲೆನೊವೊ, ಎಲ್‌ಜಿ, ಜೆಬಿಎಲ್ ತಯಾರಿಸಿದ್ದ ಗೂಗಲ್ ಅಸಿಸ್ಟೆಂಟ್ ಡಿಸ್‌ಪ್ಲೇಗಳಿಗೆ ಅಪ್‌ಡೇಟ್ ಕೊಡುವುದನ್ನು ಗೂಗಲ್ 2023ರಲ್ಲಿ ನಿಲ್ಲಿಸಿದೆ. ಹಳೆಯ ಸರಕೆಂದು ಅಗ್ಗಕ್ಕೆ ಸಿಕ್ಕರೂ ಅಂಥವನ್ನು ಕೊಳ್ಳಬೇಡಿ. ಇನ್ನೊಂದು ಕಡೆ, ಕಂಪನಿಗಳ ಹೊಸ ಗಮನ ಪರದೆಯತ್ತಲೇ ಇದೆ. ಹೊಸ ತಲೆಮಾರಿನ ಅಲೆಕ್ಸಾ ಪ್ಲಸ್ 2025ರಲ್ಲಿ ಅಮೆರಿಕದಲ್ಲಿ ಶುರುವಾದಾಗ ಮೊದಲ ಆದ್ಯತೆ ಸಿಕ್ಕಿದ್ದು ಎಕೋ ಶೋ 8, 10, 15, 21 ಇದ್ದವರಿಗೆ.

ಹಳೆಯ ಟ್ಯಾಬ್ಲೆಟ್ಟನ್ನು ಸ್ಟ್ಯಾಂಡಿನಲ್ಲಿಟ್ಟು ಅಲೆಕ್ಸಾ ಆ್ಯಪ್ ಹಾಕಿ ಡಿಸ್‌ಪ್ಲೇಯಂತೆ ಬಳಸಬಹುದು, ವಾಟ್ಸ್‌ಆ್ಯಪ್ ವಿಡಿಯೋ ಕರೆ ಬೇಕಾದವರಿಗೆ ಹೆಚ್ಚು ಅನುಕೂಲ ಇದೇ. ಎರಡು ಕೊರತೆಗಳಿವೆ. ಅದರ ಮೈಕ್ ಕೈಯಳತೆಯ ದೂರಕ್ಕೆ ಮಾಡಿದ್ದು, ಕೋಣೆಯಾಚೆಯಿಂದ ಕರೆದರೆ ಕೇಳಿಸುವುದಿಲ್ಲ. ಸದಾ ಚಾರ್ಜರಿಗೆ ಸಿಕ್ಕಿಸಿಟ್ಟರೆ ಬ್ಯಾಟರಿ ನೂರಕ್ಕೆ ನೂರು ತುಂಬಿಕೊಂಡೇ ಬಿಸಿಯಲ್ಲಿದ್ದು ಉಬ್ಬಬಹುದು. ಸ್ಮಾರ್ಟ್ ಪ್ಲಗ್ ಮೂಲಕ ದಿನಕ್ಕೆ ಒಂದೆರಡು ಗಂಟೆ ಮಾತ್ರ ಚಾರ್ಜ್ ಆಗುವಂತೆ ಇಡಿ, ಬೆನ್ನು ಉಬ್ಬಿದ್ದು ಕಂಡರೆ ಕೂಡಲೇ ಬಳಕೆ ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಎಕೋ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು, ಮಾರುವವರು ತಮ್ಮ ಅಮೆಜಾನ್ ಖಾತೆಯಿಂದ ಆ ಸಾಧನವನ್ನು ನಿಮ್ಮೆದುರೇ ಡಿರಿಜಿಸ್ಟರ್ ಮಾಡಲಿ, ಅಂದರೆ ನೋಂದಣಿ ತೆಗೆದುಹಾಕಲಿ. ಬರೀ ರೀಸೆಟ್ ಮಾಡಿ ಕೊಟ್ಟರೆ ಅದು ಅವರ ಖಾತೆಗೇ ಅಂಟಿಕೊಂಡಿರಬಹುದು. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ನಿಮ್ಮ ಖಾತೆಯಲ್ಲಿ ನೋಂದಾಯಿಸಿ ನೋಡಿ. ಮೂರು ಮೀಟರ್ ದೂರ ನಿಂತು ಮಾಮೂಲಿ ದನಿಯಲ್ಲಿ ಕರೆಯಿರಿ, ಮೈಕ್ ಬಟನ್ ಒತ್ತಿ ಕೆಂಪು ಗುರುತು ಬರುತ್ತದೆಯೇ ನೋಡಿ. ಡಿಸ್‌ಪ್ಲೇ ಆದರೆ ಪರದೆಯ ನಾಲ್ಕೂ ಮೂಲೆ ಮುಟ್ಟಿ ಪರೀಕ್ಷಿಸಿ, ಪೆಟ್ಟಿಗೆಯೊಳಗಿನ ಅಡಾಪ್ಟರ್ ಅದೇ ಮಾದರಿಯದ್ದೇ ಎಂದು ಅದರ ಮೇಲಿನ ವೋಲ್ಟ್, ವ್ಯಾಟ್ ಓದಿ ಖಚಿತಪಡಿಸಿಕೊಳ್ಳಿ.